ಕಹಿ ಜೇನಿನ ಕುಡಿಕೆ

"ಅಕ್ಕಾ, ಬೇಡ! ಡಾಕ್ಟರು ಏನಂದಿದ್ದಾರೆ ಮರೆತ್ಯಾ?"

ಅಷ್ಟರಲ್ಲಿ ಸರ್ವೇಯರಮ್ಮ ಬೆಂಕಿಕಡ್ಡಿಯ ಹಿಂತುದಿಯನ್ನು ಜೇನಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿಯಾಗಿತ್ತು.

"ಡಾಕ್ಟರು ಸಿಹಿ ತಿನ್ನಬೇಡಿ ಅಂದಿದ್ದಾರೆ. ಇದು ತಿನ್ನೋದಲ್ಲ ಕಣೇ, ತನಿಖೆ."

ಕಣ್ಣು ಮುಚ್ಚಿದರು. ಮೊದಲು ಸಿಹಿ. ಅದರ ಹಿಂದೆಯೇ ತೆಳ್ಳಗೆ ಹೊಗೆಯಂಥ ವಾಸನೆ. ಕೊನೆಗೆ ಗಂಟಲ ಹತ್ತಿರ ಸಣ್ಣದೊಂದು ಕಹಿ. ಮುಖ ಕಿವುಚುವ ಕಹಿಯಲ್ಲ, ಇನ್ನೊಂದು ಸಲ ನೋಡೋಣ ಅನ್ನಿಸುವ ಕಹಿ. ಕೈ ತಾನಾಗಿ ಎರಡನೇ ಕಡ್ಡಿಗೆ ಹೋಯಿತು. ತಂಗಿ ಬೆಂಕಿಪೊಟ್ಟಣವನ್ನೇ ಎತ್ತಿಟ್ಟುಕೊಂಡಳು.

ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ತಂಗಿಯ ಕಂಪನಿ ಹೊರದೇಶಕ್ಕೆ ಕಳಿಸಿದ ತಿಳಿಹಳದಿ ಜೇನು. ಇನ್ನೊಂದರಲ್ಲಿ, "ಅದ್ಭುತವಾಗಿದೆ, ಇಂಥದ್ದೇ ಇನ್ನೂ ಎರಡು ಕಂಟೇನರ್ ಬೇಕು" ಎಂದು ಕೊಳ್ಳುವವರು ಮಾದರಿಗಾಗಿ ವಾಪಸು ಕಳಿಸಿದ ಕುಡಿಕೆಯಿಂದ ಸುರಿದ ಕಪ್ಪು ಜೇನು. ಅದೇ ಕುಡಿಕೆ, ಅದೇ ಕೆಂಪು ಮೇಣ, ಅದೇ ಮುದ್ರೆ. ಒಳಗಿನ ಮಾಲು ಮಾತ್ರ ಬೇರೆ.

"ಒಳ್ಳೇದು ತೆಗೆದು ಕೆಟ್ಟದ್ದು ತುಂಬಿಸೋ ಕಳ್ಳರನ್ನ ಬೇಕಾದಷ್ಟು ನೋಡಿದೀನಿ," ಎಂದರು ಸರ್ವೇಯರಮ್ಮ. "ಇನ್ನೂ ಒಳ್ಳೇದನ್ನ ಇಟ್ಟು ಹೋಗೋ ಕಳ್ಳನ್ನ ಕಾಣ್ತಿರೋದು ಇದೇ ಮೊದಲು."

ಸರ್ವೇಯರಮ್ಮ ಎಂಬ ಹೆಸರು ಅವರಿಗೆ ಬಂದಿದ್ದು ಹಡಗುಕಟ್ಟೆಯಿಂದ. ವಿಮೆ ಕಂಪನಿಯ ಪರವಾಗಿ ನೆನೆದ ಚಹಾ ಮೂಟೆ, ಹುಳ ಹಿಡಿದ ಅಕ್ಕಿ, ಒಡೆದ ಪಿಂಗಾಣಿ ನೋಡಿ, ಹಾಳಾದದ್ದು ಸಮುದ್ರದಲ್ಲೋ ಗೋದಾಮಿನಲ್ಲೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದರೂ ಹೆಸರು ನಿವೃತ್ತಿಯಾಗಲಿಲ್ಲ.

"ನಿನಗೆ ತಮಾಷೆ," ತಂಗಿಯ ದನಿ ಒಡೆಯಿತು. "ನಾಳೆ ದೊರೆ ಬರ್ತಾರೆ. ಜೇನು ಎಲ್ಲಿಂದ ಬರುತ್ತೆ, ಕುಡಿಕೆ ಯಾರ ಕೈಯಲ್ಲಿ ಆಗುತ್ತೆ, ಎಲ್ಲಾ ಕಣ್ಣಾರೆ ನೋಡ್ಬೇಕಂತೆ. ನಾನು ಯಾವ ಗೂಡು ತೋರಿಸ್ಲಿ? ಈ ಆರ್ಡರ್ ನಂಬ್ಕೊಂಡು ಜೇನು ಸಾಕೋರೆಲ್ಲ ಹೊಸ ಪೆಟ್ಟಿಗೆ ಇಟ್ಟು ಕೂತಿದ್ದಾರೆ. ನಾವು ಕಳಿಸಿದ್ದು ಏನು ಅಂತ ನಮಗೇ ಗೊತ್ತಿಲ್ಲ ಅಂದ್ರೆ ಆರ್ಡರ್ ಅಲ್ಲ ಹೋಗೋದು, ಹೆಸರು. ಹೆಸರು ಹೋದ್ರೆ ಈ ವ್ಯಾಪಾರದಲ್ಲಿ ಮತ್ತೆ ಹುಟ್ಟಿ ಬರಬೇಕು."

'ದೊರೆ' ಎಂದರೆ ಕೊಳ್ಳುವ ಕಂಪನಿಯ ಕಡೆಯ ಮನುಷ್ಯ. ತಂಗಿ ಅವನನ್ನು ಇನ್ನೂ ಕಂಡಿರಲಿಲ್ಲ. ಎಲ್ಲ ಮಾತೂ ಮೇಲ್‌ನಲ್ಲೇ ನಡೆದಿತ್ತು. ಪ್ರತಿ ಸಾಲಿನಲ್ಲೂ 'ದಯವಿಟ್ಟು' ಬರೆಯುತ್ತಿದ್ದನೆಂದು ಅವಳೇ ಇಟ್ಟ ಅಡ್ಡಹೆಸರು.

"ಅಳೋದಕ್ಕೆ ನಾಳೆ ಟೈಮ್ ಇದೆ. ಮೊದಲು ಮೇಣ ಹಾಕೋರು ಯಾರು ತೋರಿಸು."

ಪ್ಯಾಕಿಂಗ್ ಶೆಡ್ಡಿನಲ್ಲಿ ಮೇಣದಕ್ಕ ಒಲೆಯ ಮುಂದೆ ಕೂತಿದ್ದಳು. ಕಾಯಿಸಿದ ಮೇಣದಲ್ಲಿ ಕುಡಿಕೆಯ ಬಾಯಿ ಅದ್ದಿ, ಆರುವ ಮೊದಲೇ ಹಿತ್ತಾಳೆಯ ಮುದ್ರೆ ಒತ್ತುವುದು ಅವಳ ಕೆಲಸ. ಮುದ್ರೆ ಅವಳ ಕೊರಳ ದಾರದಲ್ಲೇ ನೇತಾಡುತ್ತಿತ್ತು. ಊಟಕ್ಕೆ ಹೋದರೂ ಅದು ಜೊತೆಗೇ ಹೋಗುತ್ತಿತ್ತಂತೆ.

ವಾಪಸು ಬಂದ ಕುಡಿಕೆಯ ಮೇಣದ ಚೂರನ್ನು ಸರ್ವೇಯರಮ್ಮ ಅವಳ ಅಂಗೈಗಿಟ್ಟರು.

"ನನ್ನದೇ ಮುದ್ರೆ," ಎಂದಳು ಮೇಣದಕ್ಕ, ತಿರುಗಿಸಿ ನೋಡಿ. ಮರುಕ್ಷಣ ಹುಬ್ಬು ಗಂಟಾಯಿತು. "ಹಾಗಂತ ನನ್ನ ಮೇಲೆ ಗೂಬೆ ಕೂರಿಸೋಕೆ ಬಂದಿದ್ರೆ ಮೊದಲೇ ಹೇಳ್ಬಿಡಿ. ನಾನು ಬಾಯಿ ಮುಚ್ಚೋಳು, ಹೊಟ್ಟೆ ತುಂಬೋಳಲ್ಲ."

"ಯಾರ ಬಾಯಿ?"

"ಕುಡಿಕೆ ಬಾಯಿ! ನನ್ನ ಬಾಯಿ ಮುಚ್ಚೋ ಗಂಡಸು ಇನ್ನೂ ಹುಟ್ಟಿಲ್ಲ."

ಸುತ್ತ ಕೂತಿದ್ದ ಹೆಂಗಸರು ಕಿಸಕ್ಕೆಂದರು. ಸರ್ವೇಯರಮ್ಮನಿಗೂ ನಗು ತಡೆಯಲಾಗಲಿಲ್ಲ. ನಗು ಇಳಿಯುವುದರೊಳಗೇ ಕೇಳಿದರು. "ಮೇಣ ಹಾಕುವಾಗ ಒಳಗಿನ ಜೇನು ಕಾಣಲ್ವಾ?"

"ಹೇಗೆ ಕಾಣುತ್ತೆ? ಬಿರಡೆ ಹೊಡೆದೇ ಬರುತ್ತೆ. ತುಂಬೋದು ಆ ಕಡೆ ಕೋಣೆ, ಪಂಪಿನಲ್ಲಿ. ಆ ಲೋಡಿನ ಟೈಮಲ್ಲಿ ಮಾತ್ರ ಪಂಪ್ ಕೆಟ್ಟು ಕೂತಿತ್ತು. ಕುಡಿಕೆ ಇನ್ನೂ ಕುಂಬಾರಣ್ಣನ ಅಂಗಳದಲ್ಲೇ ಇದ್ವು. ಇಲ್ಲಿಗೆ ತಂದು ತುಂಬೋದೇನು, ಡ್ರಮ್ಮನ್ನೇ ಅಲ್ಲಿಗೆ ಉರುಳಿಸಿದ್ರಾಯ್ತು ಅಂತ ಅಲ್ಲೇ ಸೌಟಲ್ಲಿ ತುಂಬಿದ್ರು."

ತಂಗಿ ಹಣೆಗೆ ಕೈ ಇಟ್ಟುಕೊಂಡಳು. "ಹೌದಲ್ವಾ! ನಾನೇ ಕಳಿಸಿದ್ದು. ಅದೊಂದು ವಿಷಯ ಅಂತ ಅನ್ನಿಸ್ಲೇ ಇಲ್ಲ ಅಕ್ಕ."

"ವಿಷಯ ಅನ್ನಿಸದೇ ಇರೋದೇ ಯಾವಾಗ್ಲೂ ವಿಷಯ."

ಸರ್ವೇಯರಮ್ಮ ಕುಂಬಾರಣ್ಣನ ಅಂಗಳಕ್ಕೆ ತಕ್ಷಣ ಹೊರಡಲಿಲ್ಲ. ಬರಿಗೈಯಲ್ಲಿ ಹೋಗಿ ಪ್ರಶ್ನೆ ಕೇಳುವುದು ಅವರಿಗೆ ಒಗ್ಗದ ಕೆಲಸ. ಕೈ ತೊಳೆಯುವ ತೊಟ್ಟಿಗೆ ಹೋಗಿ, ಕಪ್ಪು ಜೇನಿನ ಕುಡಿಕೆಯನ್ನು ಬಿಸಿನೀರಿನಲ್ಲಿ ತೊಳೆದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತೋರುಬೆರಳನ್ನು ಒಳಗಿಳಿಸಿ ತಳವನ್ನು ಮೆಲ್ಲಗೆ ಸವರಿದರು.

ಹೊಳಪಿನ ಲೇಪದ ಕೆಳಗೂ ಕುಂಬಾರನ ಬೆರಳಿನ ಗೆರೆ ಉಳಿದಿರುತ್ತದೆ. ತಿಗರಿ ತಿರುಗುವಾಗ ಬೆರಳು ನಡುವಿನಿಂದ ಅಂಚಿಗೆ ಎಳೆದ ಸುರುಳಿ ಅದು. ಬಲಗೈಯವರು ತಿಗರಿಯನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಎಡಗೈಯವರು ಅದರ ಉಲ್ಟಾ ತಿರುಗಿಸುತ್ತಾರೆ, ಸುರುಳಿಯೂ ಉಲ್ಟಾ ಆಗುತ್ತದೆ. ಈ ಕುಡಿಕೆಯ ಸುರುಳಿ ಬಲಕ್ಕೆ ಬಿಚ್ಚಿಕೊಳ್ಳುತ್ತಿತ್ತು.

"ನೀನು ದೊರೆಗೆ ಮೊಟ್ಟಮೊದಲು ತೋರಿಸಿದ ಕುಡಿಕೆ ಎಲ್ಲಿದೆ?"

ತಂಗಿಯ ಮೇಜಿನ ಮೇಲೆ ಅದು ಪೆನ್ನು ನಿಲ್ಲಿಸುವ ಪಾತ್ರೆಯಾಗಿತ್ತು. ಪೆನ್ನುಗಳನ್ನೆಲ್ಲ ಸುರಿದು ಸರ್ವೇಯರಮ್ಮ ಬೆರಳಿಳಿಸಿದರು. ಇದರ ಸುರುಳಿ ಎಡಕ್ಕೆ.

"ಬೇರೆ ಕೈ," ಎಂದರು ನಿಧಾನವಾಗಿ. "ಕುಡಿಕೆನೇ ನಕಲಿ."

"ಅಂದ್ರೆ ಹೊರಗಿನೋರ ಕೆಲಸ!" ತಂಗಿಯ ಮುಖಕ್ಕೆ ಜೀವ ಬಂತು. "ನಮ್ಮೋರಲ್ಲ. ನನಗೆ ಗೊತ್ತಿತ್ತು."

ಆದರೆ ಗೋದಾಮಿಗೆ ಹೋಗಿ, ಮುಂದಿನ ಆರ್ಡರಿಗೆಂದು ಹುಲ್ಲಿನಲ್ಲಿ ಸುತ್ತಿಟ್ಟ ಕುಡಿಕೆಗಳನ್ನು ಒಂದೊಂದಾಗಿ ಬಿಚ್ಚಿದಾಗ ಆ ಜೀವ ಬಂದ ದಾರಿಯಲ್ಲೇ ಹೋಯಿತು. ಅಲ್ಲಿದ್ದ ಒಂದೊಂದು ಕುಡಿಕೆಯ ಸುರುಳಿಯೂ ಬಲಕ್ಕೇ. ಕುಂಬಾರಣ್ಣನೇ ಗಾಡಿಯಲ್ಲಿ ತಂದು ಇಳಿಸಿದ ಕುಡಿಕೆಗಳು, ಮೊನ್ನೆ ಮೊನ್ನೆ ಬಂದವು.

ಹೊರಗಿನ ಕಳ್ಳನ ಜಾಡು ಹಿಡಿದು ಹೊರಟರೆ ಹೆಜ್ಜೆ ಮನೆಯೊಳಗೇ ಬಂದು ನಿಂತಿತ್ತು.

"ಕುಂಬಾರಣ್ಣ ಎಡಗೈಯವನಾ?"

"ಅಲ್ಲಪ್ಪ. ಬಲಗೈಯಲ್ಲೇ ಬರೀತಾನೆ, ಬಲಗೈಯಲ್ಲೇ ತಿಂತಾನೆ."

"ಹಾಗಾದ್ರೆ ಒಬ್ಬ ಮನುಷ್ಯನ ಕೈ ನಡುವಯಸ್ಸು ದಾಟಿದ ಮೇಲೆ ಹೇಗೆ ದಿಕ್ಕು ಬದಲಾಯಿಸ್ತು?" ಸರ್ವೇಯರಮ್ಮನ ಕಣ್ಣಲ್ಲಿ ಹೊಳಪು ಕುಣಿಯುತ್ತಿತ್ತು. "ಬಾ ಅನ್ನಲ್ಲ ನಿನ್ನ. ನೀನು ಬಂದ್ರೆ ಅವನು ಯಜಮಾನಿಗೆ ಉತ್ತರ ಹೇಳ್ತಾನೆ. ನನಗೆ ಬೇಕಾಗಿರೋದು ನಿಜ."

ಕುಂಬಾರಣ್ಣನ ಮನೆ ಬೀದಿಯ ಕೊನೆಯಲ್ಲಿತ್ತು. ಮುಂದೆ ಅಂಗಳ, ಪಕ್ಕದಲ್ಲಿ ತಗಡು ಹೊದಿಸಿದ ಚಾವಡಿ, ಹಿಂದೆ ಕುಡಿಕೆ ಸುಡುವ ಆವಿಗೆ. ಹಸಿ ಕುಡಿಕೆಗಳು ಹಲಗೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದವು. ಚಾವಡಿಯ ನಡುವೆ ಮೋಟಾರಿನ ತಿಗರಿ. ಕುಂಬಾರಣ್ಣ ಮಾತ್ರ ತಿಗರಿಯಿಂದ ದೂರ, ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಿದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಕಾಫಿ ಅಷ್ಟೇನೂ ಬಿಸಿಯಿರಲಿಲ್ಲ. ಅಂಗಿ ಒಗೆದು ಇಸ್ತ್ರಿ ಮಾಡಿದಂತಿತ್ತು, ಒಂದು ಚುಕ್ಕೆ ಮಣ್ಣಿಲ್ಲ.

"ಬನ್ನಿ ಅಮ್ಮಾ, ಬನ್ನಿ! ನಾಳೆ ದೊರೆ ಜೊತೆ ಕ್ಯಾಮೆರಾನೂ ಬರುತ್ತಂತಲ್ಲ? ನನ್ನ ಕೈ ತೆಗೀತಾರಂತೆ, ಮುಖ ಬೇಡವಂತೆ. ನನ್ನ ಹೆಂಡತಿ ಅಂದ್ಲು, ಫಾರಿನ್‌ನೋರಿಗೂ ಬುದ್ಧಿ ಇದೆ ಅಂತ."

ಅವನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ಕಾಣಿಸಿಕೊಂಡಳು. ಬಂದವರನ್ನು ನೋಡಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಕಾಫಿ ತರ್ತೀನಿ" ಎಂದು ಒಳಗೆ ಹೋದಳು.

ಸರ್ವೇಯರಮ್ಮ ಚೀಲದಿಂದ ಕುಡಿಕೆ ತೆಗೆದರು. "ಇದು ನಿಮ್ಮದಾ ನೋಡಿ ಅಣ್ಣ."

"ನನ್ನದೇ. ನೋಡೋದೇನಿದೆ?"

"ಮುಟ್ಟಲೂ ಇಲ್ಲವಲ್ಲ."

"ಹೆತ್ತ ಮಗುವಿನ ಗುರುತು ಹಿಡಿಯೋಕೆ ಮುಟ್ಟಬೇಕಾ?"

"ಮಗು ಬದಲಾಗಿದೆ ಅಂತ ಯಾರಾದ್ರೂ ಅಂದ್ರೆ ಮುಟ್ಟಿ ನೋಡ್ತಾರೆ."

ಕುಂಬಾರಣ್ಣ ನಕ್ಕ. ನಗು ಕಣ್ಣಿನವರೆಗೆ ಏರಲಿಲ್ಲ. "ಏನಮ್ಮಾ, ಒಗಟು ಹೇಳ್ತೀರಿ?"

"ಒಗಟಲ್ಲ. ಕ್ಯಾಮೆರಾ ಬರೋದು ನಾಳೆ. ನನಗೆ ಇವತ್ತೇ ನೋಡೋ ಆಸೆ. ಒಂದು ಕುಡಿಕೆ ಎತ್ತಿ ತೋರಿಸಿ."

"ಈಗಲಾ? ಮಣ್ಣು ಹದವಾಗಿಲ್ಲ."

ತಿಗರಿಯ ಪಕ್ಕದಲ್ಲೇ ಒದ್ದೆ ಗೋಣಿಯ ಕೆಳಗೆ ಮಣ್ಣಿನ ಮುದ್ದೆಗಳು ಬೆಣ್ಣೆಯ ಹಾಗೆ ಕೂತಿದ್ದವು. ಸರ್ವೇಯರಮ್ಮ ಒಂದನ್ನು ಎತ್ತಿ ತಿಗರಿಯ ನಡುವೆ ಇಟ್ಟರು. ಮಾತಾಡಲಿಲ್ಲ. ಹಡಗುಕಟ್ಟೆಯಲ್ಲಿ ಕಲಿತ ಪಾಠ ಅದು: ಸುಳ್ಳಿಗೆ ಉತ್ತರ ಕೊಡಬಾರದು, ಜಾಗ ಕೊಡಬೇಕು.

ಕುಂಬಾರಣ್ಣ ಲೋಟ ಕೆಳಗಿಟ್ಟ. ತಿಗರಿಯ ಮುಂದೆ ಕೂತ. ಕೈ ನೀರಿಗದ್ದಿ ಮಣ್ಣಿನ ಮೇಲಿಟ್ಟು, ಕಾಲಿನಿಂದ ಪೆಡಲ್ ಒತ್ತಿದ.

ತಿಗರಿ ತಿರುಗಿತು, ಅವನು ಎಣಿಸದ ದಿಕ್ಕಿಗೆ.

ಅವನ ಕೈ ಬೆಚ್ಚಿತು. ಮಣ್ಣು ಒಮ್ಮೆ ಓಲಾಡಿ, ಹೆಬ್ಬೆರಳಿಗೆ ಸಿಕ್ಕಿ ಹರಿದು, ತಟ್ಟೆಯ ಅಂಚಿಗೆ ಹಾರಿಬಿತ್ತು. ಅವನು ಇನ್ನೊಮ್ಮೆ ಹಿಡಿಯಲು ಹೋದ. ಬಲ ಮಣಿಕಟ್ಟು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ಅವನು ಅದನ್ನು ಎಡಗೈಯಲ್ಲಿ ಅದುಮಿ ಹಿಡಿದರೂ ನಿಲ್ಲಲಿಲ್ಲ.

ಮೋಟಾರಿನ ಪಕ್ಕದ ಸ್ವಿಚ್ಚು ಕೆಳಮುಖವಾಗಿತ್ತು. ತಿಗರಿಯನ್ನು ಉಲ್ಟಾ ತಿರುಗಿಸುವ ಸ್ವಿಚ್ಚು ಅದು. ಅದರ ಮೇಲಿನ ಬಣ್ಣ ಬೆರಳು ತಾಗಿ ತಾಗಿ ಸವೆದಿತ್ತು.

"ಸಾಕು."

ಹೆಂಡತಿ ಯಾವಾಗ ಬಂದಳೋ ತಿಳಿಯಲಿಲ್ಲ. ಬಗ್ಗಿ ಮೋಟಾರು ಆರಿಸಿದಳು, ಎಡಗೈಯಿಂದ. ಗಂಡನ ಕೈಯನ್ನು ತನ್ನ ಬಟ್ಟೆಯಲ್ಲಿ ಸುತ್ತಿ ಒರೆಸಿದಳು. ಅವನು ಮುಖ ತಿರುಗಿಸಿಕೊಂಡ.

"ಕಾಯಿಲೆ ಬಂದು ಒಂದು ವರ್ಷದ ಮೇಲಾಯ್ತು ಅಮ್ಮಾ. ಕುಡಿಕೆ ಎಲ್ಲಾ ನಾನೇ ಮಾಡ್ತಿರೋದು. ಹೇಳಿಬಿಡೋಣ ಅಂದೆ. ಬೇಡ ಅಂದ್ರು. 'ಅವರು ಕೊಳ್ತಿರೋದು ಕುಡಿಕೆನಲ್ಲ ಕಣೇ, ನನ್ನ ಹೆಸರನ್ನ' ಅಂದ್ರು."

"ಮೇಲ್‌ನಲ್ಲಿ ದೊರೆ ಹಾಗೇ ಬರೆದಿದ್ರಂತೆ," ಕುಂಬಾರಣ್ಣ ನೆಲ ನೋಡುತ್ತ ಹೇಳಿದ. "'ಗುರುವಿನ ಕೈ' ಅಂತ. ಇವಳ ಕೈ ಅಂದ್ರೆ ತಗೊಳ್ತಾರೋ ಇಲ್ವೋ ಅಂತ ಹೆದರಿದೆ. ಇವಳು ನನಗಿಂತ ಚೆನ್ನಾಗಿ ಮಾಡ್ತಾಳೆ. ಅದನ್ನೂ ಯಾರ ಹತ್ರಾನೂ ಹೇಳಿಲ್ಲ ನಾನು." ದನಿ ತಗ್ಗಿಸಿ, "ಇವಳ ಹತ್ರಾನೂ ಹೇಳಿರಲಿಲ್ಲ," ಎಂದ.

ಹೆಂಡತಿಯ ಕೈ ಒರೆಸುವುದನ್ನು ನಿಲ್ಲಿಸಿತು. ಒಂದು ಗಳಿಗೆ ಅಷ್ಟೇ. ಮತ್ತೆ ಒರೆಸತೊಡಗಿತು, ಇನ್ನೂ ಮೆಲ್ಲಗೆ.

ಕುಡಿಕೆಯ ಗುಟ್ಟು ಬಿಚ್ಚಿತ್ತು. ಅದು ಕಳ್ಳತನವಲ್ಲ. ಆದರೆ ಸರ್ವೇಯರಮ್ಮ ಬಂದಿದ್ದು ಕುಡಿಕೆಗಾಗಿ ಅಲ್ಲ.

"ಕೈ ವಿಷಯ ನನ್ನ ತಂಗಿಗೆ ನಾನೇ ಹೇಳ್ತೀನಿ. ಅವಳು ಬೈಯಲ್ಲ, ಬೈದರೆ ನಾನಿದೀನಿ. ಈಗ ಜೇನು ವಿಷಯ ಹೇಳಮ್ಮ."

ಕುಂಬಾರಣ್ಣ ತಲೆಯೆತ್ತಿದ. "ಯಾವ ಜೇನು?"

ಅವನ ಮುಖದಲ್ಲಿ ನಟನೆ ಇರಲಿಲ್ಲ. ಹೆಂಡತಿಯ ಮುಖದಿಂದ ಮಾತ್ರ ರಕ್ತ ಇಳಿದುಹೋಗಿತ್ತು. ಸರ್ವೇಯರಮ್ಮ ಕಪ್ಪು ಜೇನು ಹಾಕಿ ತಂದಿದ್ದ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟರು. ವಾಸನೆಯೇ ಸಾಕಾಯಿತು. 

"ನಮ್ಮ ತವರಿನದು," ಎಂದಳು.

ಆಮೇಲೆ ಕೇಳದೆಯೇ ಹೇಳಿದಳು. ಅವಳ ತವರು ಮೇಲಿನ ಬೆಟ್ಟದಲ್ಲಿ. ಅಣ್ಣ ಬಂಡೆಯ ಸಂದಿಯಿಂದ ಜೇನು ಇಳಿಸುತ್ತಾನೆ. ಅಲ್ಲಿ ಮಾತ್ರ ಬೆಳೆಯುವ ಒಂದು ಮರದ ಹೂವಿಗೆ ಆ ಬಣ್ಣ, ಆ ಕಹಿ.

"ನಿಮ್ಮ ತಂಗಿ ಹತ್ರ ಅಣ್ಣನ್ನ ಕರ್ಕೊಂಡು ಹೋಗಿದ್ದೆ. ಬಾಟ್ಲಿ ಬೆಳಕಿಗೆ ಹಿಡಿದು ನೋಡಿದ್ರು. 'ಕಪ್ಪಗಿದೆ, ಫಾರಿನ್‌ನೋರು ಮುಟ್ಟಲ್ಲ' ಅಂದ್ರು. ಒಂದು ತೊಟ್ಟು ನಾಲಿಗೆಗೆ ಇಟ್ಕೊಂಡು ಬೇಡ ಅಂದಿದ್ರೆ ನನಗೆ ಬೇಜಾರಿರ್ಲಿಲ್ಲ ಅಮ್ಮಾ. ಬಣ್ಣ ನೋಡಿ ಬೇಡ ಅಂದ್ರು. ಅಣ್ಣ ದಾರಿಯುದ್ದಕ್ಕೂ ಬಾಟ್ಲಿನ ಎದೆಗೆ ಅವಚ್ಕೊಂಡೇ ಬಂದ."

"ಅದಕ್ಕೆ ಡ್ರಮ್ಮು ನಿನ್ನ ಅಂಗಳಕ್ಕೆ ಬಂದಾಗ..."

"ಅಣ್ಣ ಕೊಟ್ಟು ಹೋಗಿದ್ದ ಡಬ್ಬ ಒಳಗಿತ್ತು. ಎಲ್ಲರೂ ಊಟಕ್ಕೆ ಎದ್ದಿದ್ರು. ಮನಸ್ಸು ತಡೀಲಿಲ್ಲ. ಅಷ್ಟು ದೂರ ಹೋದ ಮೇಲೆ ಯಾರಾದ್ರೂ ಒಬ್ಬರು ರುಚಿ ನೋಡ್ತಾರಲ್ಲ ಅಂದ್ಕೊಂಡೆ."

"ನನಗೂ ಹೇಳ್ಲಿಲ್ವಲ್ಲೇ," ಎಂದ ಕುಂಬಾರಣ್ಣ.

"ನೀವು ನನ್ನ ಕೈ ಬಗ್ಗೆ ಹೇಳಿದ್ರಾ?"

ಅವನು ಕಾಫಿ ಲೋಟ ಎತ್ತಿಕೊಂಡ. ಸರ್ವೇಯರಮ್ಮ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಗಂಡ ಹೆಂಡತಿ ನಡುವಿನ ಲೆಕ್ಕಕ್ಕೆ ಯಾವ ಸರ್ವೇಯರನೂ ಕೈ ಹಾಕಬಾರದು.

"ನೋಡ್ದೆಯಾ, ರುಚಿ ನೋಡಿದ್ದಾರೆ," ಎಂದರು ಮೃದುವಾಗಿ. "ಮೆಚ್ಚಿದ್ದಾರೆ. ಎರಡು ಕಂಟೇನರ್ ಬೇಕಂತೆ. ಇಡೀ ಲೋಡು ತುಂಬಿಸೋಕೆ ನಿಮ್ಮಣ್ಣ ಎಷ್ಟು ಡಬ್ಬ ತಂದಿದ್ದ?"

ಅವಳು ಅರ್ಥವಾಗದೆ ನೋಡಿದಳು. "ಇಡೀ ಲೋಡಾ? ನಾನು ತುಂಬಿದ್ದು ಒಂದೇ ಪೆಟ್ಟಿಗೆ ಅಮ್ಮಾ! ಮಿಕ್ಕಿದ್ದೆಲ್ಲ ಡ್ರಮ್ಮಿನದೇ."

"ಒಂದೇ?"

"ಇಡೀ ಬೆಟ್ಟ ಹಿಂಡಿದ್ರೂ ವರ್ಷಕ್ಕೆ ಬರೋದು ನಾಲ್ಕೈದು ಡಬ್ಬ. ಎರಡು ಕಂಟೇನರಂತೆ!" ಅವಳಿಗೆ ನಗು ಬಂತು. ಸರ್ವೇಯರಮ್ಮ ನಗದೇ ಇದ್ದದ್ದನ್ನು ಕಂಡು ನಗು ಅರ್ಧಕ್ಕೇ ನಿಂತಿತು.

ಸರ್ವೇಯರಮ್ಮ ಫೋನ್ ತೆಗೆದು ತಂಗಿಗೆ ಹಚ್ಚಿದರು. "ಆ ಮೇಲ್ ಇನ್ನೊಂದು ಸಲ ಓದು. ಎಷ್ಟು ಕುಡಿಕೆ ತೆಗೆದು ನೋಡಿದ್ರಂತೆ?"

ತಂಗಿ ಓದಿದಳು. ಎಲ್ಲ ಪೆಟ್ಟಿಗೆಯಿಂದಲೂ ತೆಗೆದು ನೋಡಿದ್ದೇವೆ, ಎಲ್ಲದರಲ್ಲೂ ಒಂದೇ ಬಣ್ಣ, ಒಂದೇ ರುಚಿ, ದಯವಿಟ್ಟು ಇದನ್ನೇ ಕಳಿಸಿ.

ಅದು ಸುಳ್ಳು. ಒಂದು ಪೆಟ್ಟಿಗೆ ಬಿಟ್ಟು ಉಳಿದೆಲ್ಲದರಲ್ಲೂ ಅವನು ಕಂಡಿರಬೇಕಾದದ್ದು ತಿಳಿಹಳದಿ ಜೇನು. ಹಾಗಿದ್ದರೆ 'ಬೆರಕೆ ಮಾಲು' ಎಂದು ಕೂಗಾಡಬೇಕಿತ್ತು. ಕೂಗಾಡದೆ ಹೊಗಳಿದ್ದ. ಇಷ್ಟು ಹೊತ್ತು ಸರ್ವೇಯರಮ್ಮ ಕೇಳಿಕೊಂಡಿದ್ದು ಇಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು. ಅಲ್ಲಿ ಕೂತವನು ಯಾಕೆ ಸುಳ್ಳು ಹೇಳಿದ ಎಂದು ಕೇಳಿಕೊಂಡಿರಲೇ ಇಲ್ಲ. ಸಿಗದ ಮಾಲಿಗೆ ಎರಡು ಕಂಟೇನರ್ ಆರ್ಡರ್ ಕೊಡುವವನಿಗೆ ಬೇಕಾಗಿರುವುದು ಮಾಲಲ್ಲ, ಅದನ್ನು ತುಂಬಿಟ್ಟ ಕೈ.

"ಅಕ್ಕಾ, ಕೇಳಿಸ್ತಿದ್ಯಾ? ನಾನೇ ಫೋನ್ ಮಾಡೋಳಿದ್ದೆ," ತಂಗಿ ಏದುಸಿರಿನಲ್ಲಿ ಅಂದಳು. "ದೊರೆ ನಾಳೆಯಲ್ಲ, ಇವತ್ತೇ ಬಂದಿಳಿದಿದ್ದಾರೆ! ಹೋಟೆಲಲ್ಲಿ ಚೀಲ ಇಟ್ಟು ಕಾರು ತಗೊಂಡು ಹೋದ್ರಂತೆ. ಇಲ್ಲಿಗಂತೂ ಬಂದಿಲ್ಲ. ಈ ಊರು ಗೊತ್ತಿಲ್ಲದ ಮನುಷ್ಯ, ಎಲ್ಲಿಗೆ ಹೋದ್ರೋ."

ಬೀದಿಯಲ್ಲಿ ಕಾರಿನ ಸದ್ದು. ಅಂಗಳದ ಮುಂದೆ ಬಂದು ನಿಂತಿತು. ಯಾರನ್ನೂ ದಾರಿ ಕೇಳಿದ ಹಾಗೆ ಕಾಣಲಿಲ್ಲ.

ಇಳಿದವನು ನೆರೆಗೂದಲಿನ, ಒಳ್ಳೆಯ ಕೋಟಿನ ಮನುಷ್ಯ. ಒಣಗಲಿಟ್ಟ ಕುಡಿಕೆಗಳನ್ನು ನೋಡಲಿಲ್ಲ. ತಿಗರಿಯನ್ನು ನೋಡಲಿಲ್ಲ. ಎದ್ದು ನಿಂತ ಕುಂಬಾರಣ್ಣನನ್ನು ದಾಟಿ, ಅವನ ಹೆಂಡತಿಯ ಮುಂದೆ ಬಂದು ನಿಂತ. ಪರದೇಶದವನ ಬಾಯಿಂದ ಬಂದದ್ದು ಪಕ್ಕದ ಮನೆಯವನ ಮಾತು.

"ಏನೇ ಜೇನುಗಳ್ಳಿ, ಗುರುತು ಸಿಗ್ಲಿಲ್ವಾ?"

ಅವಳು ಗಂಡನ ಪಕ್ಕಕ್ಕೆ ಸರಿದಳು.

"ಯಾರಮ್ಮ ಇವರು?" ಸರ್ವೇಯರಮ್ಮ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ," ಎಂದಳು ಅವಳು, ಅವನ ಮುಖದಿಂದ ಕಣ್ಣು ಕೀಳದೆ. "ಆದ್ರೆ ಆ ಹೆಸರಿಂದ ನನ್ನ ಕರೀತಿದ್ದದ್ದು ಅಣ್ಣ ಒಬ್ಬನೇ ಅಮ್ಮಾ. ಇವರಿಗೆ ಅದು ಅಣ್ಣನ ಬಾಯಿಂದಲೇ ಸಿಕ್ಕಿರಬೇಕು. ಅಣ್ಣ ಆ ಡಬ್ಬ ಕೊಟ್ಟು ಬೆಟ್ಟಕ್ಕೆ ಹೋದವನು ಇನ್ನೂ ಮನೆ ಸೇರಿಲ್ಲ."